ಈಳಿಗೆಮಣೆಯ ಕೀಲು

ನಮ್ಮ ಮಾಯಸಂದ್ರದ ಮನೆಯಲ್ಲಿ ಒಂದು ಈಳಿಗೆಮಣೆ ಇದೆ. ಅಜ್ಜಿ ಸೊಸೆಯಾಗಿ ಬಂದ ಹೊಸದರಲ್ಲಿ ಊರಿನ ಕುಲುಮೆಯಲ್ಲಿ ಹೇಳಿ ಮಾಡಿಸಿಕೊಂಡದ್ದು. ಹಲಸಿನ ಹಲಗೆಯ ಮಣೆ, ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ ಬಡಿದ ಅಲಗು, ಅಲಗಿನ ತುದಿಗೆ ಕಾಯಿ ತುರಿಯುವ ಹಲ್ಲು. ಅಕ್ಕಪಕ್ಕದ ಮನೆಗಳ ಈಳಿಗೆಮಣೆಗೂ ಇದಕ್ಕೂ ಒಂದೇ ವ್ಯತ್ಯಾಸ. ಅವುಗಳ ಅಲಗು ಮಣೆಗೆ ಬಿಗಿದು ನಿಂತಿರುತ್ತದೆ; ನಮ್ಮದು ಮಡಿಚುವಂಥದ್ದು. ಕೆಲಸ ಮುಗಿದ ಮೇಲೆ ಅಲಗನ್ನು ಮಣೆಯ ಮೇಲೆ ಮಲಗಿಸಿ ಗೋಡೆಗೆ ಆನಿಸಿಟ್ಟರೆ ಅಂಬೆಗಾಲಿಡುವ ಮಗು ಅತ್ತ ಬಂದರೂ ಭಯವಿಲ್ಲ. ಎಂಟು ಮಕ್ಕಳನ್ನು ಹೆತ್ತ ಅಜ್ಜಿಗೆ ಈ ಏರ್ಪಾಡು ಏಕೆ ಬೇಕಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ತೆಂಗಿನ ಸೀಮೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ, ಯಾವ ಕಡೆಗೆ ಹೋದರೂ ರಸ್ತೆಯ ಎರಡೂ ಬದಿಗೆ ತೋಟ. ಒಳ್ಳೆಯ ಕಾಯಿಗಳು ಅಟ್ಟ ಹತ್ತಿ ಹತ್ತು ಹನ್ನೆರಡು ತಿಂಗಳು ಕೂತು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಇಳಿಯುತ್ತವೆ. ಉಳಿದದ್ದು ಅಡಿಗೆಮನೆಗೆ. ಹುಳಿಗೆ ಕಾಯಿ, ಪಲ್ಯಕ್ಕೆ ಕಾಯಿ, ಚಟ್ನಿಗಂತೂ ಕಾಯಿಯೇ. ದಿನಕ್ಕೆರಡು ಕಾಯಿ ತುರಿಯದ ಮನೆಯನ್ನು ನಾನು ಚಿಕ್ಕಂದಿನಲ್ಲಿ ಕಂಡಿಲ್ಲ. ಕರಾವಳಿಯವರ ಮೆಟ್ಟುಕತ್ತಿ, ತಮಿಳರ ಅರುವಾಮಣೆ, ತೆಲುಗರ ಕತ್ತಿಪೀಟ, ಮರಾಠಿಯವರ ವಿಳಿ, ದೂರದ ಬಂಗಾಳಿಗಳ ಬೋಟಿ, ಎಲ್ಲವೂ ಒಂದೇ ಬಳಗ. ಕೈಯಲ್ಲಿ ಚಾಕು ಹಿಡಿದು ತರಕಾರಿಯ ಮೇಲೆ ಒತ್ತುವುದು ಒಂದು ರೀತಿ. ಚಾಕುವನ್ನು ನೆಲದ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ತರಕಾರಿ ಹಿಡಿದು ಅದರತ್ತ ಒಯ್ಯುವುದು ನಮ್ಮ ರೀತಿ.

ಮಡಿಚುವ ಅಲಗಿಗೆ ಒಂದು ಕೀಲು ಬೇಕಲ್ಲ. ನಮ್ಮ ಈಳಿಗೆಮಣೆಯಲ್ಲಿ ಮಣೆಯ ಮುಂತುದಿಗೆ ಎರಡು ಕಬ್ಬಿಣದ ಕಿವಿಗಳಿವೆ. ಅಲಗಿನ ಬುಡ ಅವುಗಳ ನಡುವೆ ಕೂರುತ್ತದೆ. ಮೂರರಲ್ಲೂ ಹಾದು ಹೋಗುವ ಒಂದು ಬೋಲ್ಟು, ಕೈಯಲ್ಲೇ ತಿರುಗಿಸುವ ಒಂದು ನಟ್ಟು. ಅಲಗು ಆಚೆಗೆ ಬೀಳದಂತೆ ಹಿಂದೆ ಒಂದು ತಡೆ ಇದೆ. ನಮ್ಮ ಕಡೆಗೆ ಬೀಳದಂತೆ ಹಿಡಿಯುವುದು ಮಾತ್ರ ಕೀಲಿನ ಬಿಗಿಯೊಂದೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಗೌರಿಹಬ್ಬದ ಹಿಂದಿನ ದಿನ, ಅಮ್ಮ ಕಡುಬಿಗೆಂದು ಕಾಯಿ ತುರಿಯುತ್ತಿದ್ದಳು. ಆಗ ಅವಳಿಗೆ ಎಪ್ಪತ್ತು ದಾಟಿತ್ತು. ಕಿವಿಯೂ ಅಲಗೂ ಒಂದಕ್ಕೊಂದು ಉಜ್ಜಿ ಉಜ್ಜಿ ನಡುವೆ ಸಂದು ಬಿದ್ದಿತ್ತು; ನಟ್ಟು ಎಷ್ಟು ತಿರುಗಿಸಿದರೂ ಕೂರುತ್ತಿರಲಿಲ್ಲ. ಅವಳು ಹೋಳನ್ನು ಮೇಲಕ್ಕೆಳೆದಾಗ ಅಲಗು ಅದರ ಜೊತೆಗೇ ಬಂದು ಅವಳ ಕೈಯ ಮೇಲೆ ಮಡಿಚಿಕೊಂಡಿತು. ಹೆಬ್ಬೆರಳಿನ ಬುಡಕ್ಕೆ ಮೂರು ಹೊಲಿಗೆ ಬಿತ್ತು. ಹಬ್ಬದ ದಿನ ಕಡುಬು ಮಾಡಿದವಳು ನಾನು. ಅಮ್ಮ ಬಾಳೆಎಲೆಯ ಮುಂದೆ ಕೂತು, ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ‘ಹೂರಣಕ್ಕೆ ಬೆಲ್ಲ ಕಮ್ಮಿಯಾಯ್ತು ಕಣೆ’ ಎಂದಳು.

ಆ ಸಂಜೆ ಮನೆಯಲ್ಲಿ ಪಂಚಾಯಿತಿ ನಡೆಯಿತು. ‘ಇದನ್ನ ಗುಜರಿಗೆ ಹಾಕಿ. ಮಿಕ್ಸಿ ಇದೆ, ಚಾಕು ಇದೆ’ ಎಂದ ಅಣ್ಣ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ಅವನ ಮಗ ಒಪ್ಪಲಿಲ್ಲ. ಜೇಬಿನಿಂದ ತನ್ನ ಮಡಿಚುವ ಚಾಕು ತೆಗೆದ. ತೋರುಬೆರಳಲ್ಲಿ ಹಾಗೆ ಮುಟ್ಟಿದ್ದೇ ತಡ, ಅಲಗು ಸರ್ರನೆ ಹೊರಗೆ ಬಂದು ಟಕ್ಕೆಂದು ನಿಂತಿತು. ‘ನೋಡಿ ಅತ್ತೆ, ಇದರ ಕೀಲಿನಲ್ಲಿ ಬೇರಿಂಗ್ ಇದೆ. ಅಜ್ಜಿಯ ಈಳಿಗೆಮಣೆಗೂ ಅದನ್ನೇ ಹಾಕಿಸೋಣ. ಇನ್ನು ಐವತ್ತು ವರ್ಷ ಸವೆಯೋದಿಲ್ಲ’ ಎಂದ. ಅಮ್ಮ ಇಬ್ಬರಿಗೂ ಉತ್ತರ ಕೊಡದೆ ನನ್ನತ್ತ ತಿರುಗಿ, ‘ನಾಳಿದ್ದು ಆಚಾರ್ರ ಹತ್ರ ತಗೊಂಡೋಗು’ ಎಂದಳು. ಹೀಗೆ ಆ ಕೀಲು ನನ್ನ ಪಾಲಿಗೆ ಬಂತು. ಕುಲುಮೆಗೆ ಹೋಗುವ ಮುಂಚೆ ಸ್ವಲ್ಪ ತಿಳಿದುಕೊಂಡೇ ಹೋಗೋಣವೆಂದು ಓದಲು ಕೂತೆ. ಓದುತ್ತ ಹೋದರೆ ಒಂದು ಕೀಲಿಗೆ ಇಷ್ಟು ದೊಡ್ಡ ಚರಿತ್ರೆಯೇ ಎಂದು ಬೆರಗಾಯಿತು.

ಮಡಿಚುವ ಚಾಕು ಇಂದು ನಿನ್ನೆಯದಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬಲ್ಲಿ ಸಿಕ್ಕಿದ, ಮೂಳೆಯ ಹಿಡಿಯ ಮಡಿಚುವ ಚಾಕುವಿಗೆ ಎರಡೂವರೆ ಸಾವಿರ ವರ್ಷ ವಯಸ್ಸು. ರೋಮನರಲ್ಲೂ ಇಂಥವಿದ್ದವು. ಅವುಗಳಲ್ಲಿ ಕೀಲೆಂದರೆ ಒಂದು ಮೊಳೆ, ಅಷ್ಟೆ. ಅಲಗನ್ನು ಹಿಡಿದು ನಿಲ್ಲಿಸುವುದು ಮೊಳೆಯ ಬಿಗಿ ಮತ್ತು ಹಿಡಿದವನ ಹೆಬ್ಬೆರಳು. ಬಹುಕಾಲದ ಮೇಲೆ ಹಿಡಿಯ ಬೆನ್ನಿನೊಳಗೆ ಒಂದು ಸ್ಪ್ರಿಂಗ್ ಪಟ್ಟಿ ಸೇರಿಕೊಂಡು ಅಲಗಿನ ಬುಡವನ್ನು ಒತ್ತಿ ಹಿಡಿಯತೊಡಗಿತು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಅಂಗಡಿ ತೆರೆದು 1891ರಲ್ಲಿ ಅಲ್ಲಿನ ಸೈನಿಕರಿಗೆ ಚಾಕು ಒದಗಿಸಿದ. ನಮ್ಮ ಮಕ್ಕಳು ಆಸೆಪಡುವ ಆ ಕೆಂಪು ಸ್ವಿಸ್ ಚಾಕುವಿನ ವಂಶ ಶುರುವಾದದ್ದು ಅಲ್ಲಿಂದ. ಫ್ರಾನ್ಸಿನ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ರೈತರ ಚಾಕು ಮಾಡಿದ. ಅದಕ್ಕೆ ಸ್ಪ್ರಿಂಗೂ ಇಲ್ಲ. 1955ರಲ್ಲಿ ಅದೇ ಮನೆತನದವರು ಕೀಲಿನ ಸುತ್ತ ಒಂದು ಉಕ್ಕಿನ ಬಳೆ ತೊಡಿಸಿದರು. ಬಳೆಯನ್ನು ತಿರುಗಿಸಿದರೆ ಅಲಗಿಗೆ ಬೀಗ ಬೀಳುತ್ತದೆ.

ಇಲ್ಲಿ ನನಗೊಂದು ವಿಷಯ ಹೊಳೆಯಿತು. ಮೊದಲು ಕೀಲಿಗೆ ಎರಡು ಕೆಲಸವಿತ್ತು: ತಿರುಗಬೇಕು, ತಿರುಗಿದ ಮೇಲೆ ಹಿಡಿದು ನಿಲ್ಲಿಸಬೇಕು. ಸ್ಪ್ರಿಂಗು, ಬೀಗ ಬಂದ ಮೇಲೆ ಎರಡನೆಯ ಕೆಲಸ ಬೇರೆಯವರ ಪಾಲಾಯಿತು. ಕೀಲು ಹಗುರಾಯಿತು, ನುಣ್ಣಗೆ ತಿರುಗಿದರೆ ಸಾಕಾಯಿತು. ನುಣುಪಿಗಾಗಿ ಅಲಗಿಗೂ ಹಿಡಿಗೂ ನಡುವೆ ತೆಳುವಾದ ಬಿಲ್ಲೆಗಳನ್ನು, ಎಂದರೆ ವಾಷರ್‌ಗಳನ್ನು ಇಟ್ಟರು. ಅಗ್ಗದ ಚಾಕುವಿಗೆ ನೈಲಾನು, ಟೆಫ್ಲಾನು. ಒಳ್ಳೆಯದಕ್ಕೆ ತಾಮ್ರ, ತವರ, ಚಿಟಿಕೆ ರಂಜಕ ಬೆರೆತ ಫಾಸ್ಫರ್ ಕಂಚು. ಉಕ್ಕಿನ ಮೇಲೆ ಉಕ್ಕು ಉಜ್ಜಿದರೆ ಎರಡೂ ಕಚ್ಚಿಕೊಂಡು ಕೆಡುತ್ತವೆ. ಕಂಚು ಉಕ್ಕಿಗಿಂತ ಮೆದು. ನಡುವೆ ಕೂತು ತಾನು ಸವೆದು ಅಕ್ಕಪಕ್ಕದವರನ್ನು ಉಳಿಸುತ್ತದೆ. ಹೀಗೆ ನಡುವೆ ಕೂತು ಸವೆಯುವವರು ಯಾವ ಮನೆಯಲ್ಲಿಲ್ಲ ಹೇಳಿ! ಚಾಕುಗಳಲ್ಲಿ ಬಿಲ್ಲೆಯ ಬದಲು ಬೇರಿಂಗ್ ಹಾಕುವುದು ರೂಢಿಗೆ ಬಂದದ್ದು 2000ದ ಈಚೆಗೆ.

ಬೇರಿಂಗ್‌ನದು ಮಾತ್ರ ಬೇರೆಯೇ ಕಥೆ. ಉಜ್ಜುವ ಬದಲು ಉರುಳಿದರೆ ಹಗುರ ಎಂಬುದು ಅದರ ಗುಟ್ಟು. ಲಿಯೊನಾರ್ಡೊ ಡ ವಿಂಚಿ 500 ವರ್ಷಗಳ ಹಿಂದೆಯೇ ಗುಂಡುಗಳ ಮೇಲೆ ತಿರುಗುವ ಕೀಲಿನ ಚಿತ್ರ ಬರೆದಿದ್ದ. 1794ರಲ್ಲಿ ವೇಲ್ಸ್‌ನ ಫಿಲಿಪ್ ವಾನ್ ಎಂಬ ಕಬ್ಬಿಣದ ಕಾರ್ಖಾನೆಯ ಒಡೆಯ ಗಾಡಿಯ ಅಚ್ಚಿಗೆ ಗುಂಡು ಹಾಕಿ ಹಕ್ಕುಪತ್ರ ಪಡೆದ. 1869ರಲ್ಲಿ ಪ್ಯಾರಿಸ್ಸಿನಿಂದ ರುವಾನ್ ಊರಿಗೆ ಸೈಕಲ್ ಪಂದ್ಯ ನಡೆದಾಗ, ಗೆದ್ದ ಜೇಮ್ಸ್ ಮೂರ್ ಎಂಬಾತನ ಸೈಕಲ್ಲಿನಲ್ಲಿ ಬೇರಿಂಗ್ ಇತ್ತು. ಎಲ್ಲ ಗುಂಡುಗಳೂ ಒಂದೇ ಅಳತೆಗೆ ಬರದಿದ್ದರೆ ದೊಡ್ಡ ಗುಂಡೊಂದೇ ಭಾರವೆಲ್ಲ ಹೊರಬೇಕಾಗುತ್ತದೆ. ಆ ತೊಡಕು ಬಗೆಹರಿದದ್ದು 1883ರಲ್ಲಿ, ಜರ್ಮನಿಯ ಶ್ವೈನ್‌ಫುರ್ಟ್ ಊರಿನ ಫ್ರೀಡ್ರಿಕ್ ಫಿಶರ್ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಮಾಡಿದಾಗ. ಆ ಊರು ಬೇರಿಂಗಿನ ತವರಾಯಿತು. ಆಮೇಲೆ ಎರಡನೆಯ ಮಹಾಯುದ್ಧದಲ್ಲಿ, ಬೇರಿಂಗ್ ಇಲ್ಲದೆ ಟ್ಯಾಂಕೂ ಇಲ್ಲ ವಿಮಾನವೂ ಇಲ್ಲವೆಂದು, 1943ರಲ್ಲಿ ಅಮೆರಿಕನ್ನರು ಅದೇ ಊರಿನ ಮೇಲೆ ಬಾಂಬು ಸುರಿದರು. ಅಕ್ಟೋಬರ್ 14ರ ಒಂದೇ ದಾಳಿಯಲ್ಲಿ ಅವರ 60 ವಿಮಾನಗಳು ಉರುಳಿದವು. ಕಡಲೆಕಾಳಿನಷ್ಟು ಗುಂಡಿಗೆ ಎಷ್ಟು ತಾಯಂದಿರ ಮಕ್ಕಳು! ನಮ್ಮ ದೇಶದಲ್ಲಿ 1946ರಲ್ಲಿ ಜಯಪುರದಲ್ಲಿ ಬೇರಿಂಗ್ ಕಂಪನಿ ಆರಂಭವಾಯಿತು. ಈಗ ಬೆಂಗಳೂರಿನ ಬೊಮ್ಮಸಂದ್ರದಲ್ಲೂ ಬೇರಿಂಗ್ ಕಾರ್ಖಾನೆ ಇದೆ.

ನನ್ನ ಮಟ್ಟಿಗೆ ಬೇರಿಂಗ್ ಎಂದರೆ ಮೊದಲು ನೆನಪಾಗುವುದು ಊರಿನ ಸೈಕಲ್ ಶಾಪು. ಚಕ್ರ ಬಿಚ್ಚಿ, ಸೀಮೆಎಣ್ಣೆಯ ತಟ್ಟೆಯಲ್ಲಿ ಗುಂಡುಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದರು. ಒಂದು ಗುಂಡು ಕೈತಪ್ಪಿ ಮಣ್ಣಿಗೆ ಬಿದ್ದರೆ ಹುಡುಕಿ ಕೊಡುವ ಕೆಲಸ ನಮ್ಮದು. ಹುಡುಕಿದ್ದರಲ್ಲಿ ಒಂದೆರಡು ನನ್ನ ಲಂಗದ ಜೇಬಿಗೂ ಸೇರುತ್ತಿದ್ದವು. ಮಣ್ಣಿಗೆ ಬಿದ್ದ ಗುಂಡನ್ನು ಒರೆಸದೆ ಹಾಕಬಾರದು, ಒಂದು ಕಣ ಮರಳು ಹೋದರೂ ಚಕ್ರವೇ ಕೆಟ್ಟಿತು ಎನ್ನುತ್ತಿದ್ದರು ಅಂಗಡಿಯವರು.

ಎತ್ತಿನ ಗಾಡಿಯ ಅಚ್ಚಿಗೆ ಆಗ ಬೇರಿಂಗ್ ಇರಲಿಲ್ಲ. ಗಾಡಿಯ ಕೆಳಗೆ ನೇತಾಡುವ ಗೊಟ್ಟದಲ್ಲಿ ಕೀಲೆಣ್ಣೆ ಇರುತ್ತಿತ್ತು. ಹುಲ್ಲು ಸುಟ್ಟ ಕರಿಗೆ ಹರಳೆಣ್ಣೆ ಕಲಸಿದ್ದು. ನಮ್ಮ ಲಂಗಕ್ಕೆ ಅಂಟಿದರೆ ಹೋಗದು, ಬೆನ್ನಿಗೆ ಏಟೂ ತಪ್ಪದು. 1909ರಲ್ಲಿ ಇಂಗ್ಲೆಂಡಿನ ಕಂಪನಿಯೊಂದು ಮೋಟಾರಿಗೆಂದು ಮಾಡಿದ ಎಣ್ಣೆಗೂ ಹರಳೆಣ್ಣೆ ಬೆರೆಸಿತ್ತು. ಹರಳಿನ ಇಂಗ್ಲಿಷ್ ಹೆಸರಿನಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂಬ ಹೆಸರು ಬಂತು. ಗಾಡಿಯ ಕೀಲಿಗೆ ಹರಳೆಣ್ಣೆ ಎಂಬುದನ್ನು ನಮ್ಮ ತಾತಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಸುಧಾರಿಸಬೇಕು, ಎತ್ತುಗಳ ಹೆಗಲಿನ ಭಾರ ಇಳಿಸಬೇಕೆಂದು ವರ್ಷಗಟ್ಟಲೆ ದುಡಿದರು. ಎತ್ತಿನ ಹೆಗಲಿನ ಬಗ್ಗೆ ಯೋಚಿಸುವವರು ಸಿಕ್ಕಿದ್ದು ಒಳ್ಳೆಯದೇ ಆಯಿತು. ಬೀಸುವ ಕಲ್ಲಿನ ಗೂಟಕ್ಕೆ ಮಾತ್ರ ಯಾರೂ ಬೇರಿಂಗ್ ಹಾಕಿಕೊಡಲಿಲ್ಲ. ನಮ್ಮಜ್ಜಿ ಕೊನೆಯವರೆಗೂ ಬಲಹೆಗಲನ್ನು ಕಿವಿಯ ಮಟ್ಟಕ್ಕೆ ಎತ್ತಲಾರದೆ ಹೋದಳು. ನಮ್ಮ ಬಾವಿಯ ರಾಟೆಗೆ ಬೇರಿಂಗ್ ಬಂದದ್ದು ನಾನು ಹೈಸ್ಕೂಲಿಗೆ ಬಂದ ಮೇಲೆ. ಅಲ್ಲಿಯವರೆಗೆ ಬೆಳಗಿನ ಜಾವ ಕಿರ್ರೆನ್ನುವ ಸದ್ದಿಗೇ ನಾವು ಏಳುತ್ತಿದ್ದೆವು. ಹೊಸ ರಾಟೆ ಬಂದ ದಿನ ಅಮ್ಮ ಒಂದು ಕೊಡ ಹೆಚ್ಚಾಗಿಯೇ ಸೇದಿ, ‘ಇದು ಮುಂಚೆ ಯಾಕೆ ಬರಲಿಲ್ವೋ’ ಎಂದದ್ದು ನೆನಪಿದೆ.

ಆದ್ದರಿಂದ ನಾನು ಬೇರಿಂಗಿನ ವಿರೋಧಿಯಲ್ಲ. ಈಳಿಗೆಮಣೆಯನ್ನು ಚೀಲದಲ್ಲಿಟ್ಟುಕೊಂಡು ಕುಲುಮೆಗೆ ಹೋದಾಗ ಅರ್ಧ ಮನಸ್ಸು ಸೋದರಳಿಯನ ಕಡೆಗೇ ಇತ್ತು. ಅವನೂ ಜೊತೆಗೆ ಬಂದಿದ್ದ. ಆಚಾರ್ರು ಅಲಗನ್ನು ಬಿಚ್ಚಿ, ಬೋಲ್ಟನ್ನು ಬೆಳಕಿಗೆ ಹಿಡಿದರು. ನಡುಭಾಗ ಸವೆದು ಸಣ್ಣಗಾಗಿತ್ತು. ಹುಡುಗ ತನ್ನ ಚಾಕುವನ್ನು ಅವರ ಕೈಗಿಟ್ಟ. ಅವರು ಎರಡು ಮೂರು ಸಲ ತೆಗೆದು ಮಡಿಚಿ, ಮಗುವನ್ನು ಮೆಚ್ಚುವವರಂತೆ ನಕ್ಕರು. ಆಮೇಲೆ ಕೇಳಿದರು: ‘ಇದು ತೆಗೆದ ಮೇಲೆ ಮಡಿಚಿಕೊಳ್ಳದಂಗೆ ಹಿಡಿಯೋದು ಯಾವುದಪ್ಪ?’

‘ಒಳಗೆ ಲಾಕ್ ಇದೆ.’

‘ಅವ್ವಾರ ಮಣೆಗೆ ಲಾಕಿಲ್ವಲ್ಲ. ಬೇರಿಂಗ್ ಹಾಕಿದ್ರೆ ಬಿಗಿ ಎಲ್ಲಿಂದ ಬರ್ಬೇಕು?’

ಹುಡುಗ ಸುಮ್ಮನಾದ. ನಾನು ನೆನಪಿಟ್ಟುಕೊಳ್ಳಿ ಎಂದೆನಲ್ಲ, ಅದೇ ಮಾತು. ಅಲಗು ಅಮ್ಮನ ಕಡೆಗೆ ಬೀಳದಂತೆ ತಡೆಯುವುದು ಲೋಹದ ಮೇಲೆ ಲೋಹದ ಉಜ್ಜು ಮಾತ್ರ. ಬೇರಿಂಗ್ ಇರುವುದೇ ಆ ಉಜ್ಜನ್ನು ಇಲ್ಲವಾಗಿಸುವುದಕ್ಕೆ. ರಾಟೆಯಲ್ಲಿ ಅಮ್ಮನ ಶತ್ರುವಾಗಿದ್ದ ಉಜ್ಜು ಈಳಿಗೆಮಣೆಯಲ್ಲಿ ಅವಳ ಕಾವಲುಗಾರ.

ಆಚಾರ್ರು ಇನ್ನೂ ಎರಡು ಕಾರಣ ಕೊಟ್ಟರು. ಒಂದು, ಗುಂಡು ಕೂರುವ ಜಾಗ ಗಟ್ಟಿ ಉಕ್ಕಾಗಿರಬೇಕು. ಈ ಕಿವಿಗಳದು ಮೆತ್ತನೆ ಕಬ್ಬಿಣ. ಚಕ್ರವಾದರೆ ಸದಾ ತಿರುಗುತ್ತಿರುತ್ತದೆ, ಗುಂಡುಗಳು ಜಾಗ ಬದಲಿಸುತ್ತಿರುತ್ತವೆ. ಈಳಿಗೆಮಣೆ ದಿನಕ್ಕೊಮ್ಮೆ ಕಾಲು ಸುತ್ತು ತಿರುಗಿ, ಆಮೇಲೆ ಗಂಟೆಗಟ್ಟಲೆ ಅಲ್ಲಾಡದೆ ನಿಂತು ಒತ್ತಿಸಿಕೊಳ್ಳುತ್ತದೆ. ಗುಂಡು ಮುಟ್ಟುವುದು ಚುಕ್ಕೆಯಷ್ಟು ಜಾಗವನ್ನು. ಭಾರವೆಲ್ಲ ಆ ಚುಕ್ಕೆಯ ಮೇಲೆ ಬಿದ್ದು ಗುಳಿ ಬೀಳುತ್ತದೆ. ‘ಹಸಿ ಸಾರಿಸಿದ ನೆಲದ ಮೇಲೆ ಹಿಮ್ಮಡಿ ಊರಿದಂಗೆ’ ಎಂದರು. ಸ್ವೀಡನ್ನಿನ ಬ್ರಿನೆಲ್ ಎಂಬ ಇಂಜಿನಿಯರು ಲೋಹದ ಗಟ್ಟಿತನ ಅಳೆಯಲು 1900ರಲ್ಲಿ ತೋರಿಸಿಕೊಟ್ಟ ಉಪಾಯವೂ ಇದೇ: ಗಟ್ಟಿ ಉಕ್ಕಿನ ಗುಂಡನ್ನು ಲೋಹದ ಮೇಲೆ ಒತ್ತಿ, ಬಿದ್ದ ಗುಳಿಯನ್ನು ಅಳೆಯುವುದು. ಬೇರಿಂಗಿನಲ್ಲಿ ಇಂಥ ಗುಳಿ ಬಿದ್ದರೆ ಅದನ್ನು ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ. ಬಿಲ್ಲೆಯಾದರೆ ಮೈಯೆಲ್ಲ ಹರಡಿಕೊಂಡು ಭಾರ ಹೊರುತ್ತದೆ.

ಎರಡನೆಯ ಕಾರಣ ನಮಗೆ ನಿಮಗೆ ಗೊತ್ತಿರುವಂಥದ್ದೇ. ಅಡಿಗೆಮನೆಯ ಅಲಗು ಒದ್ದೆ. ಕಾಯಿಹಾಲು, ಹುಣಿಸೆಹುಳಿ, ಬದನೆಕಾಯಿಯ ಕರೆ, ಆಮೇಲೆ ನೀರು ಸುರಿದು ನಾರಿನಲ್ಲಿ ತಿಕ್ಕುವುದು. ಗುಂಡುಗಳ ನಡುವೆ ತುರಿ ಸಿಕ್ಕಿಕೊಂಡರೆ ಬಿಡಿಸುವವರು ಯಾರು? ಮುಚ್ಚಳವಿಲ್ಲದ ಉಕ್ಕಿನ ಗುಂಡು ತಿಂಗಳೊಳಗೆ ತುಕ್ಕು ಹಿಡಿಯುತ್ತದೆ. ಬಿಲ್ಲೆಯನ್ನು ನಾವೇ ಬಿಚ್ಚಿ, ತೊಳೆದು, ಒರೆಸಿ ಹಾಕಬಹುದು.

ಕಡೆಗೆ ಅವರು ಹೊಸ ಬೋಲ್ಟು ಹಾಕಿ, ಹಿತ್ತಾಳೆಯ ತಗಡಿನಿಂದ ಎರಡು ಬಿಲ್ಲೆ ಕತ್ತರಿಸಿ, ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿ ಅಲಗಿನ ಎರಡೂ ಬದಿಗೆ ಕೂರಿಸಿದರು. ನಟ್ಟು ತಾನಾಗಿ ಸಡಿಲವಾಗದಿರಲೆಂದು ಅದರ ಹಿಂದೆ ಇನ್ನೊಂದು ನಟ್ಟು. ‘ಕೊಬ್ಬರಿ ಎಣ್ಣೆ ಬಿಡಬ್ಯಾಡ್ರಿ, ಚಳೀಲಿ ಕಟ್ಕೊತದೆ. ಒಂದು ತೊಟ್ಟು ಹರಳೆಣ್ಣೆ ಬಿಡಿ’ ಎಂದರು. ಮಾರ್ಗಶಿರದ ಬೆಳಿಗ್ಗೆ ಬಾಟಲಿಯ ಕೊಬ್ಬರಿ ಎಣ್ಣೆ ಗಡ್ಡೆಕಟ್ಟುವುದನ್ನು ನಾವೆಲ್ಲ ಕಂಡವರೇ. 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತದೆ. ಅದೇ ಕೀಲಿನೊಳಗೂ ಆಗುತ್ತದೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಇಷ್ಟಕ್ಕೇ ಕಥೆ ಮುಗಿಯಬೇಕಿತ್ತು. ಆದರೆ ಕೀಲು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಇನ್ನೊಂದು ಅರ್ಥವಿದೆಯಲ್ಲ. ಕೈಯ ಗಾಯ ಮಾದ ಮೇಲೆ ಅಮ್ಮನ ಮಂಡಿ ತೊಂದರೆ ಕೊಡತೊಡಗಿತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ತುಮಕೂರಿಗೆ ಕರೆತಂದು ತೋರಿಸಿದೆ. ಡಾಕ್ಟರು ಎಕ್ಸ್‌ರೇ ಹಿಡಿದು, ಎರಡು ಮೂಳೆಗಳ ನಡುವಿನ ಮೆತ್ತನೆಯ ಪದರ ಪೂರ್ತಿ ಸವೆದಿದೆ, ಮೂಳೆಗೆ ಮೂಳೆ ಉಜ್ಜುತ್ತಿದೆ ಎಂದರು. ಅಮ್ಮ ದಿಟ್ಟಿಸಿ ನೋಡಿ, ‘ನನ್ನ ಈಳಿಗೆಮಣೆ ಇದ್ದಂಗೇ ಅದೆ’ ಎಂದಳು. ಮಂಡಿ ಬದಲಿಸಬಹುದು, ಆದರೆ ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಾರದು, ಕುಕ್ಕರುಗಾಲಿನಲ್ಲಿ ಕೂರಬಾರದು ಎಂದರು ಡಾಕ್ಟರು. ಅಮ್ಮ ಬೇಡವೆಂದಳು. ಎರಡು ವರ್ಷ ಬೇಡವೆಂದೇ ಅಂದಳು. ನೋವಿನ ಭಯವಲ್ಲ. ‘ಈಳಿಗೆಮಣೆ ಮುಂದೆ ಕೂರಬ್ಯಾಡ ಅಂದ್ರೆ ಅಡಿಗೆಮನೇಲಿ ನಂಗೇನು ಕೆಲ್ಸ?’

ದೇಹದ ಕೀಲಿನ ರಿಪೇರಿಯ ಚರಿತ್ರೆಯೂ ನಮ್ಮ ಕುಲುಮೆಯ ಮಾತಿನಂತೆಯೇ ಇದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು ಸೊಂಟದ ಕೀಲು ಬದಲಿಸಲು ಹೊರಟು ಮೊದಲು ಟೆಫ್ಲಾನಿನ ಬಟ್ಟಲು ಹಾಕಿ ನೋಡಿದರು. ನುಣುಪೆಂದರೆ ನುಣುಪು, ಕೆಲವೇ ವರ್ಷಗಳಲ್ಲಿ ಸವೆದು ಹೋಗಿ, ಹಾಕಿಸಿಕೊಂಡವರೆಲ್ಲ ಮತ್ತೆ ನೋವೆಂದು ಬಂದರು. ಹೆಚ್ಚು ನುಣುಪಾದದ್ದು ಹೆಚ್ಚು ಬಾಳುವುದಿಲ್ಲವೆಂದು ಅವರಿಗೆ ಗೊತ್ತಾಯಿತು. 1962ರಲ್ಲಿ ಗಟ್ಟಿ ಪಾಲಿಥೀನಿನ ಬಟ್ಟಲಿಗೆ ಲೋಹದ ಗುಂಡು ಕೂರಿಸಿದರು, ಅದು ನಿಂತಿತು. ಮಂಡಿಗೆ ಈಗ ಹಾಕುವುದೂ ಲೋಹ, ಲೋಹದ ನಡುವೆ ಗಟ್ಟಿ ಪಾಲಿಥೀನಿನ ಬಿಲ್ಲೆ. ಇದನ್ನು ಅಮ್ಮನಿಗೆ ಹೇಳಿದಾಗ, ‘ಅಂದ್ರೆ ಬೇರಿಂಗ್ ಅಲ್ಲ, ವೈಸರ್ರೇ ಅನ್ನು’ ಎಂದು ಸ್ವಲ್ಪ ಮೆತ್ತಗಾದಳು.

ಅವಳನ್ನು ಪೂರ್ತಿ ಒಪ್ಪಿಸಿದ್ದು ನಾನೂ ಅಲ್ಲ, ಡಾಕ್ಟರೂ ಅಲ್ಲ. ಗುಜರಿಗೆ ಹಾಕಿ ಎಂದಿದ್ದ ಅಣ್ಣನೇ ಈಳಿಗೆಮಣೆಯನ್ನು ಮತ್ತೆ ಕುಲುಮೆಗೆ ಹೊತ್ತೊಯ್ದು, ಅಡಿಗೆಕಟ್ಟೆಯ ಕಲ್ಲಿಗೆ ಕಚ್ಚಿ ಹಿಡಿಯುವಂತೆ ಮಣೆಯ ಕೆಳಗೆ ಎರಡು ತಿರುಪಿನ ಹಿಡಿಗಳನ್ನು ಹಾಕಿಸಿ ತಂದ. ಕಟ್ಟೆಯ ಮುಂದೆ ಒಂದು ಎತ್ತರದ ಸ್ಟೂಲು. ಅಮ್ಮ ಅದರ ಮೇಲೆ ಕೂತು, ಕಾಯಿ ಹೋಳು ಹಿಡಿದು, ಹತ್ತು ಸಲ ತುರಿದು ನೋಡಿದಳು. ‘ಕಾಲಲ್ಲಿ ಮೆಟ್ಕೊಳ್ಳೋ ಸುಖ ಇಲ್ಲ’ ಎಂದಳು. ಮಾರನೆಯ ವಾರ ಆಪರೇಷನ್ನಿಗೆ ಒಪ್ಪಿದಳು.

ಈಗ ಅವಳು ಕೋಲು ಹಿಡಿದು ತೋಟದ ಬೇಲಿಯವರೆಗೆ ಹೋಗಿ ಬರುತ್ತಾಳೆ. ಸವೆದ ಆ ಹಳೆಯ ಬೋಲ್ಟನ್ನು ಎಸೆಯಲು ಬಿಡದೆ ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡಿದ್ದಾಳೆ. ಸೋದರಳಿಯ ಊರಿಗೆ ಬಂದಾಗಲೆಲ್ಲ ಭಾನುವಾರ ಬೆಳಿಗ್ಗೆ ಅವನಿಗೊಂದು ಕೆಲಸ ಕಾದಿರುತ್ತದೆ: ನಟ್ಟು ಬಿಚ್ಚುವುದು, ಹಿತ್ತಾಳೆ ಬಿಲ್ಲೆಗಳನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ತೊಳೆಯುವುದು, ಹರಳೆಣ್ಣೆ ಸವರಿ ಮತ್ತೆ ಕೂರಿಸುವುದು. ಅವನು ನಟ್ಟು ಬಿಗಿದ ಮೇಲೆ ಅಮ್ಮ ಸ್ಟೂಲಿನ ಮೇಲಿಂದ ಬಗ್ಗಿ, ಅಲಗನ್ನು ಬೆರಳಿನಿಂದ ತನ್ನ ಕಡೆಗೆ ಎಳೆದು ನೋಡುತ್ತಾಳೆ.

‘ಇನ್ನೊಂದು ಕಾಲು ಸುತ್ತು ಬಿಗಿ ಮಗ’ ಎನ್ನುತ್ತಾಳೆ.